ಬಡಿತದ ಏರುಪೇರಿಗೂ ಲೆಕ್ಕವಿದೆ

ಪ್ರಶ್ನೆ: ಕರಾವಳಿಯ ಅಂಕುಡೊಂಕು ಅಳೆಯುವ ಫ್ರ್ಯಾಕ್ಟಲ್ ಗಣಿತದಿಂದ ಹೃದ್ರೋಗ ಪತ್ತೆಮಾಡಲು ಸಾಧ್ಯವೇ?

ಉತ್ತರ: ಸಾಧ್ಯವೆಂಬುದಕ್ಕೆ ಒಳ್ಳೆಯ ಪುರಾವೆ ಪುಣೆಯಿಂದಲೇ ಬಂದಿದೆ. ಹಾಗೆಂದು ಎದೆನೋವು ಬಂದಾಗ ಇದಕ್ಕಾಗಿ ಕಾಯಬೇಡಿ; ಇದು ಸಂಶೋಧನೆಯ ಮಾತು, ನೇರ ಆಸ್ಪತ್ರೆಗೆ ಹೋಗಿ.

ಆರೋಗ್ಯವಂತ ಹೃದಯ ಗಡಿಯಾರದಂತೆ ಸಮನಾಗಿ ಬಡಿಯುವುದಿಲ್ಲ. ಸುಮ್ಮನೆ ಕುಳಿತಾಗಲೂ ಬಡಿತಗಳ ನಡುವಿನ ಅಂತರ ಮಿಲಿಸೆಕೆಂಡುಗಳಷ್ಟು ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಈ ಏರುಪೇರಿನಲ್ಲಿ ಹಲವು ಬಗೆಯ ಫ್ರ್ಯಾಕ್ಟಲ್ ವಿನ್ಯಾಸಗಳು, ಅಂದರೆ ಚಿಕ್ಕ ಭಾಗದಲ್ಲೂ ಇಡಿಯ ರೂಪವೇ ಮರುಕಳಿಸುವ ವಿನ್ಯಾಸಗಳು, ಒಟ್ಟಿಗೆ ಹೆಣೆದುಕೊಂಡಿರುತ್ತವೆ, ಹೃದಯ ವೈಫಲ್ಯದಲ್ಲಿ ಆ ವೈವಿಧ್ಯ ಕುಗ್ಗುತ್ತದೆ ಎಂದು 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇವಾನೋವ್ ಮತ್ತು ಸಂಗಡಿಗರು ತೋರಿಸಿದರು.

ಪುಣೆಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್‌ನಲ್ಲಿದ್ದ ಭೌತವಿಜ್ಞಾನಿ ಜಿ. ಅಂಬಿಕಾ ಮತ್ತು ಸಹೋದ್ಯೋಗಿಗಳು 2017ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್'ನಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ದಾರಿ ಹಿಡಿಯಿತು. ಅವರು ಗಮನಿಸಿದ್ದು ಬಡಿತಗಳ ಅಂತರವನ್ನಲ್ಲ, ಇಸಿಜಿ ಅಲೆಯ ಎತ್ತರ ತಗ್ಗುಗಳನ್ನು. ಅಲೆಯ ಈ ಕ್ಷಣದ ಮೌಲ್ಯವನ್ನು ತುಸು ಹಿಂದಿನ ಮೌಲ್ಯಗಳೊಡನೆ ಸೇರಿಸಿ ಬಿಂದುಗಳಾಗಿ ಗುರುತಿಸುತ್ತ ಹೋದರೆ ಸುತ್ತು ಸುತ್ತಾದ ಒಂದು ಆಕೃತಿ ಮೂಡುತ್ತದೆ. ಅದರಲ್ಲಿ ಬಿಂದುಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬ ಫ್ರ್ಯಾಕ್ಟಲ್ ಲೆಕ್ಕದಿಂದಲೇ ಆರೋಗ್ಯವಂತರನ್ನೂ ರೋಗಿಗಳನ್ನೂ ಬೇರ್ಪಡಿಸಲು ಆಯಿತು. ಹೊಸಬರ ಇಸಿಜಿ ಯಾವ ಗುಂಪಿಗೆ ಸೇರುತ್ತದೆಂದು ಕಂಪ್ಯೂಟರಿಗೆ ಕಲಿಸಿದಾಗ ಅದೂ ಬಹುಪಾಲು ಸರಿಯಾಗಿಯೇ ಹೇಳಿತು.

ನನಗೆ ಬಹಳ ಹಿಡಿಸಿದ್ದು ಅವರ ಇನ್ನೊಂದು ಉಪಾಯ. ಒಬ್ಬರ ಇಸಿಜಿಯಿಂದ ಒಂದೇ ಬಡಿತವನ್ನು ತೆಗೆದು, ಅದನ್ನೇ ಮತ್ತೆ ಮತ್ತೆ ಜೋಡಿಸಿ ಕೃತಕ ಇಸಿಜಿ ಮಾಡಿ, ಅಸಲಿಯೊಡನೆ ಹೋಲಿಸಿದರು. ಹೀಗೆ ಹೋಲಿಸಿದಾಗ ರೋಗಿಗಳ ಅಳತೆಗಳಲ್ಲೇ ವ್ಯತ್ಯಾಸ ಹೆಚ್ಚು ಕಂಡಿತು.