ಗಾಯಗೊಂಡ ಮೊಲವೂ ಟ್ರೇಯ ಅಂಚೂ

ಟ್ರೇಯಲ್ಲಿಯೇ ಮಲಮೂತ್ರ ವಿಸರ್ಜಿಸಲು ಕಲಿತ ಸಾಕುಮೊಲವು, ಹಿಂಗಾಲಿಗೆ ಪೆಟ್ಟಾಗಿ ಚೇತರಿಸಿಕೊಳ್ಳುತ್ತಿರುವಾಗ ನೆಲವನ್ನು ಒದ್ದೆಮಾಡತೊಡಗುವುದುಂಟು. ಕಲಿತದ್ದನ್ನು ಮರೆಯಿತೆಂದು ಗದರುವುದು ಅನ್ಯಾಯ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಮಾತು ಬೇರೆ. ಇಲ್ಲವಾದರೆ ಮೊದಲು ಟ್ರೇಯ ಅಂಚನ್ನು ಅಳೆದು ನೋಡಿರಿ.

2 ಕಿಲೋಗ್ರಾಂ ತೂಗುವ ಮೊಲವು 15 ಸೆಂಟಿಮೀಟರ್ ಮೇಲೇರಲು ಸುಮಾರು 3 ಜೌಲ್ ಶಕ್ತಿ ಬೇಕು. ಅತ್ಯಲ್ಪವೇ ಸರಿ. ಆದರೆ ಅದನ್ನು ಕ್ಷಣಾರ್ಧದಲ್ಲಿ ಒದಗಿಸಬೇಕಾದವು ಹಿಂಗಾಲುಗಳು. ನೆಗೆಯುವಾಗ ಅವು ದೇಹದ ತೂಕಕ್ಕಿಂತ ಹೆಚ್ಚಿನ ಬಲದಿಂದ ನೆಲವನ್ನು ಒತ್ತಲೇಬೇಕು. ನೊಂದ ಕಾಲು ಇದಕ್ಕೆ ಒಪ್ಪೀತೆ? ಅಂಚು 3 ಸೆಂಟಿಮೀಟರಿಗೆ ಇಳಿದರೆ ಶಕ್ತಿಯ ಐದನೆಯ ಒಂದು ಪಾಲು ಸಾಕು, ನೆಗೆಯದೆಯೇ ಒಳಹೊಗಬಹುದು.

ಟ್ರೇಯ ಬದಿಯಲ್ಲೇ ಒಣಹುಲ್ಲನ್ನಿಡಿರಿ. ಮೊಲವು ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಒದ್ದೆಯಾದ ರೋಮವನ್ನು ಒಣಗಿಸಿರಿ. ಮೂತ್ರ ತಗುಲಿದ ಚರ್ಮ ಬೇಗ ಹುಣ್ಣಾಗುತ್ತದೆ. ಮೇವನ್ನು ಬಿಟ್ಟು ಹಿಕ್ಕೆಯೇ ನಿಂತರೆ ಮಾತ್ರ, ಆ ದಿನವೇ ಪಶುವೈದ್ಯರಲ್ಲಿಗೆ ಒಯ್ಯಬೇಕು.