ನಿಂತ ಗಾಡಿಯೊಳಗಿನ ನೀರು

ಕೊರೊನಾ ಮಹಾಮಾರಿಯಿಂದಾಗಿ 2020ರ ಮಾರ್ಚ್ 17ರಂದು ದೇಶದ ಸಂರಕ್ಷಿತ ಸ್ಮಾರಕಗಳಿಗೆ ಬೀಗ ಬಿತ್ತು. ಪಟ್ಟದಕಲ್ಲಿನ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳ ಆವರಣವೂ ಮುಚ್ಚಿತು. ತೆರೆಯಲು ಕೇಂದ್ರದ ಅನುಮತಿ ಸಿಕ್ಕಿದ್ದು ಜುಲೈ 6ಕ್ಕೆ. ಮರುವರ್ಷ ಏಪ್ರಿಲ್ 16ರಿಂದ ಜೂನ್ 15ರವರೆಗೆ ಮತ್ತೆ ಅದೇ ಪಾಡು. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮಗಳನ್ನು ಸುತ್ತಿಸಿ ಸಂಸಾರ ಸಾಗಿಸುತ್ತಿದ್ದವರ ಕ್ರೂಸರ್, ಟಿಟಿ, ಮಿನಿಬಸ್ಸುಗಳು ಮನೆಯಂಗಳದಲ್ಲಿ, ಹೊಲದ ಬದಿಯಲ್ಲಿ ನಿಂತೇಬಿಟ್ಟವು. ಎಫ್‌ಸಿ, ಪರ್ಮಿಟ್, ಲೈಸೆನ್ಸುಗಳ ಗಡುವನ್ನು ಸರ್ಕಾರ ಕಂತು ಕಂತಾಗಿ 2021ರ ಅಕ್ಟೋಬರ್ 31ರವರೆಗೂ ಮುಂದೂಡಿತು. ಗಾಡಿಯ ಬ್ಯಾಟರಿಗೂ ಟೈರಿಗೂ ಅಂಥ ರಿಯಾಯಿತಿ ಇರಲಿಲ್ಲ.

ಮಹಾಮಾರಿ ಇಲ್ಲದ ವರ್ಷಗಳಲ್ಲೂ ಈ ಸೀಮೆಯಲ್ಲಿ ಗಾಡಿ ನಿಲ್ಲುವುದು ಹೊಸತಲ್ಲ. ಪ್ರವಾಸಿಗರ ಹಂಗಾಮು ಅಕ್ಟೋಬರಿನಿಂದ ಫೆಬ್ರವರಿವರೆಗೆ. ಬಿಸಿಲು ಏರಿದ ಮೇಲೆ ಬಾಡಿಗೆ ಇಳಿಯುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವುದು ಮುಗಿದರೆ ಕಟಾವು ಯಂತ್ರಗಳು ಮುಂದಿನ ಹಂಗಾಮಿನವರೆಗೆ ಶೆಡ್ಡು ಸೇರುತ್ತವೆ. ಈಗ ಈ ಸಾಲಿಗೆ ಮಲಗುವ ಮಂಚ, ಅಡುಗೆಕಟ್ಟೆ, ಶೌಚಾಲಯ ಇರುವ ಕ್ಯಾರವಾನ್‌ಗಳೂ ಬಂದಿವೆ. ಎಂಜಿನ್ನಿನ ಮಟ್ಟಿಗೆ ಅವೂ ಡೀಸೆಲ್ ಗಾಡಿಗಳೇ. ಆದರೆ ದಿನನಿತ್ಯ ಓಡುವ ಕೆಲಸ ಅವಕ್ಕಿಲ್ಲ. ವರ್ಷದಲ್ಲಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು.

"ವಾರಕ್ಕೊಮ್ಮಿ ಚಾಲೂ ಮಾಡಿ ಐದ್ ನಿಮಿಷ ಬಿಡ್ರಿ, ಏನೂ ಆಗಂಗಿಲ್ಲ" ಎಂಬ ಸಲಹೆ ಎಲ್ಲ ಊರಿನಲ್ಲೂ ಸಿಗುತ್ತದೆ. ಒಳ್ಳೆಯ ಮನಸ್ಸಿನಿಂದ ಹೇಳುವ ಮಾತು, ಆದರೆ ಗಾಡಿಗೆ ಕೇಡು. ಒಂದು ಲೀಟರ್ ಡೀಸೆಲ್ ಉರಿದರೆ ಅದರಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ನು, ಸೈಲೆನ್ಸರು ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಐದು ನಿಮಿಷದಲ್ಲಿ ಯಾವುದೂ ಅಷ್ಟು ಕಾಯುವುದಿಲ್ಲ. ಆವಿ ಸೈಲೆನ್ಸರಿನಲ್ಲೇ ನೀರಾಗಿ ಕೂತು ಒಳಗಿಂದ ತುಕ್ಕು ಹಿಡಿಸುತ್ತದೆ. ಒಂದಿಷ್ಟು ಎಂಜಿನ್ ಆಯಿಲ್‌ಗೂ ಇಳಿಯುತ್ತದೆ. ಸ್ಟಾರ್ಟರ್ ಹೀರಿಕೊಂಡ ಕರೆಂಟು ಅಷ್ಟರಲ್ಲಿ ಬ್ಯಾಟರಿಗೆ ಮರಳುವುದೂ ಇಲ್ಲ. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್-6 ಗಾಡಿಗಳಲ್ಲಿ ಇನ್ನೂ ಒಂದು ತೊಂದರೆಯಿದೆ. ಅವುಗಳ ಹೊಗೆಕೊಳವೆಯಲ್ಲಿರುವ ಮಸಿ ಹಿಡಿಯುವ ಜಾಲರಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಹೆಚ್ಚು ಶಾಖ ಬೇಕು. ನಿಂತಲ್ಲೇ ಗುರುಗುಡುವ ಎಂಜಿನ್ನು ಮಸಿ ಕೂಡಿಸುತ್ತದೆಯೇ ಹೊರತು ಸುಡುವುದಿಲ್ಲ.

ಆದ್ದರಿಂದ ದಾರಿ ಎರಡೇ: ಸರಿಯಾಗಿ ಓಡಿಸಬೇಕು, ಇಲ್ಲವೇ ಸರಿಯಾಗಿ ನಿಲ್ಲಿಸಬೇಕು. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್. ಎರಡು ಮೂರು ವಾರಕ್ಕೊಮ್ಮೆ ಹೋಗಿ ಬಂದರೆ ಎಂಜಿನ್ನು ಪೂರ್ತಿ ಕಾಯುತ್ತದೆ, ಆಯಿಲ್ ಎಲ್ಲ ಕಡೆ ಹರಿಯುತ್ತದೆ, ಬ್ರೇಕಿನ ತುಕ್ಕು ಉಜ್ಜಿಹೋಗುತ್ತದೆ, ಟೈರು ನೆಲಕ್ಕೆ ಊರಿದ ಜಾಗ ಬದಲಾಗುತ್ತದೆ. ಆದರೆ ಎಲ್ಲರಿಗೂ ಇದು ಸಾಧ್ಯವಿಲ್ಲ. ತಿಂಗಳುಗಟ್ಟಲೆ ಬಾಡಿಗೆ ಇಲ್ಲದಿದ್ದರೆ ಆರ್‌ಟಿಒಗೆ ಮೊದಲೇ ತಿಳಿಸಿ, ಕಾಗದಪತ್ರ ಒಪ್ಪಿಸಿ, ಆ ಅವಧಿಯ ತೆರಿಗೆ ಉಳಿಸಿಕೊಳ್ಳುವವರಿದ್ದಾರೆ. ಚಾಲಕರ ಬಾಯಲ್ಲಿ ಇದು 'ಸರೆಂಡರ್'. ಹಾಗೆ ಒಪ್ಪಿಸಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಅಂಥವರಿಗೆ ಉಳಿಯುವುದು ಎರಡನೆಯ ದಾರಿಯೊಂದೇ, ಮತ್ತು ಅದನ್ನು ಅರೆಬರೆ ಮಾಡಬಾರದು.

ಮೊದಲ ಗಮನ ಡೀಸೆಲ್ ಟ್ಯಾಂಕಿಗೆ. ಅರ್ಧ ಖಾಲಿ ಟ್ಯಾಂಕಿನ ಮೇಲಿನ ಅರ್ಧದಲ್ಲಿ ಗಾಳಿ, ಆ ಗಾಳಿಯಲ್ಲಿ ತೇವ. ಹಗಲು ಕಾದು ಇರುಳು ತಣಿದಂತೆ ಟ್ಯಾಂಕು ಗಾಳಿ ಬಿಟ್ಟು ಎಳೆದುಕೊಳ್ಳುತ್ತದೆ. ಎಳೆದುಕೊಂಡ ಗಾಳಿಯ ತೇವ ತಣ್ಣನೆಯ ಗೋಡೆಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಡೀಸೆಲ್‌ಗಿಂತ ನೀರು ಭಾರ, ಹಾಗಾಗಿ ತಳ ಸೇರುತ್ತದೆ. ಮಳೆಗಾಲದ ಮೂರ್ನಾಲ್ಕು ತಿಂಗಳು ಇದೇ ನಡೆದರೆ ತಳದಲ್ಲಿ ತೆಳುವಾದ ನೀರಿನ ಪದರ ನಿಲ್ಲುತ್ತದೆ. ನೀರು, ಡೀಸೆಲ್ ಎರಡೂ ಸೇರುವ ಗೆರೆಯಲ್ಲಿ ಜೀವ ಹುಟ್ಟಿಕೊಳ್ಳುತ್ತದೆ. ಅಮಾರ್ಫೊತೀಕಾ ರೆಸಿನೇ ಎಂಬ ಶಿಲೀಂಧ್ರಕ್ಕೆ ಈ ಎಣ್ಣೆಯೇ ಊಟ, ಆ ನೀರೇ ಮನೆ. ವಿಮಾನದ ಇಂಧನ ಟ್ಯಾಂಕುಗಳನ್ನು ಕಾಡಿ, ಸೀಮೆಎಣ್ಣೆಯ ಶಿಲೀಂಧ್ರವೆಂದು ಹೆಸರಾದದ್ದು ಇದೇ. ಡೀಸೆಲ್‌ನಲ್ಲಿ ಜೈವಿಕ ಡೀಸೆಲ್ ಬೆರೆತಿದ್ದರೆ ಅದು ನೀರನ್ನು ಇನ್ನಷ್ಟು ಹಿಡಿದಿಡುತ್ತದೆ.

ಇದನ್ನು ಕಣ್ಣಾರೆ ಕಾಣಬಹುದು. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ಸಣ್ಣ ತಿರುಪು ಇರುತ್ತದೆ. ಕೆಳಗೆ ಗಾಜಿನ ಬಾಟಲಿ ಹಿಡಿದು ಅದನ್ನು ಸಡಿಲಿಸಿ ಕಾಲು ಬಾಟಲಿಯಷ್ಟು ಇಳಿಸಿ, ಕಟ್ಟೆಯ ಮೇಲೆ ಅಲುಗದಂತೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎರಡು ಪದರ ಬೇರೆಯಾಗುತ್ತವೆ. ಮೇಲೆ ಹಳದಿ ಡೀಸೆಲ್, ಕೆಳಗೆ ನೀರು. ನಡುವೆ ಕಂದು ಬಣ್ಣದ, ಬೆರಳಿಗೆ ಜಾರುವ ಲೋಳೆ ಕಂಡರೆ ಶಿಲೀಂಧ್ರ ಬೇರೂರಿದೆ ಎಂದೇ ಅರ್ಥ. ಆಗ ಬರೀ ಫಿಲ್ಟರು ಬದಲಿಸಿದರೆ ಸಾಲದು, ಟ್ಯಾಂಕು ಬಿಚ್ಚಿ ತೊಳೆಯಬೇಕು. ಇಷ್ಟು ಕಷ್ಟಕ್ಕೆ ಎಡೆಗೊಡದ ಉಪಾಯ ಸರಳ: ನಿಲ್ಲಿಸುವ ಮುನ್ನ ಟ್ಯಾಂಕು ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕುವುದು. ಗಾಳಿಗೆ ಜಾಗವಿಲ್ಲದಿದ್ದರೆ ತೇವಕ್ಕೂ ಜಾಗವಿಲ್ಲ.

ಬ್ಯಾಟರಿಯ ಶತ್ರು ಇಲ್ಲಿನ ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಸೀಸದ ಬ್ಯಾಟರಿ ಸುಮ್ಮನೆ ಇದ್ದರೂ ತಾನಾಗಿಯೇ ಇಳಿಯುತ್ತದೆ, ಶಾಖ 10 ಡಿಗ್ರಿ ಏರಿದರೆ ಇಳಿಯುವ ವೇಗ ಸುಮಾರು ದುಪ್ಪಟ್ಟು. ಹಳದಿ ಬೋರ್ಡಿನ ಗಾಡಿಯ ಜಿಪಿಎಸ್ ಸಾಧನವೂ ಹಗಲಿರುಳು ಒಂದಿಷ್ಟು ಕುಡಿಯುತ್ತಲೇ ಇರುತ್ತದೆ. ಮೀಟರು ಹಿಡಿದಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2ಕ್ಕೆ ಬಂದರೆ ಅರ್ಧವಾಗಿದೆ. ಅದಕ್ಕೂ ಕೆಳಗೆ ಬಹುದಿನ ಬಿಟ್ಟರೆ ಫಲಕಗಳ ಮೇಲಿನ ಸಲ್ಫೇಟ್ ಹರಳುಗಟ್ಟಿ ಮತ್ತೆ ಚಾರ್ಜು ಹಿಡಿಯದು. ಹಾಗಾಗದಂತೆ ಬ್ಯಾಟರಿ ಕಳಚಿಡುವಾಗ ನೆಗೆಟಿವ್ ತಂತಿ ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು. ಪಾಸಿಟಿವ್ ಮೊದಲು ಬಿಚ್ಚಹೋಗಿ ಪಾನಾ ಗಾಡಿಯ ಲೋಹಕ್ಕೆ ತಗುಲಿದರೆ ಕಿಡಿ ಹಾರುತ್ತದೆ. ಕ್ಯಾರವಾನಿನಲ್ಲಿ ಫ್ಯಾನು, ದೀಪ, ಫ್ರಿಜ್ಜುಗಳಿಗೆಂದೇ ಇರುವ ಎರಡನೆಯ ಬ್ಯಾಟರಿಯನ್ನು ಮರೆಯಬಾರದು. ಬಿಸಿಲು ಧಾರಾಳವಾಗಿರುವ ನಾಡಿನಲ್ಲಿ ಕಂಟ್ರೋಲರ್ ಇರುವ ಸಣ್ಣ ಸೋಲಾರ್ ಫಲಕ ಇದಕ್ಕೆ ತಕ್ಕ ಮದ್ದು.

ಬಿಎಸ್-6 ಗಾಡಿಯಲ್ಲಿ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವವೂ ಬಿಸಿಲಿಗೆ ಬೆದರುವಂಥದ್ದು. ಅದರಲ್ಲಿ ಯೂರಿಯಾ ಶೇಕಡಾ 32.5, ಉಳಿದದ್ದು ಶುದ್ಧ ನೀರು. 25 ಡಿಗ್ರಿಯಲ್ಲಿ ಒಂದೂವರೆ ವರ್ಷ ಬಾಳುವ ದ್ರವ 35 ಡಿಗ್ರಿಯಲ್ಲಿ ಆರು ತಿಂಗಳು ಬಾಳಿದರೆ ಹೆಚ್ಚು. ಬೇಸಿಗೆ ಪೂರ್ತಿ ತಗಡಿನ ಶೆಡ್ಡಿನಲ್ಲಿ ಬೆಂದದ್ದನ್ನು ಹೊಸದಾಗಿ ತುಂಬಿಸುವುದೇ ಲೇಸು.

ಜಾಗದ ಆಯ್ಕೆಯಲ್ಲಿ ಈ ನಾಡು ಕಲಿಸಿದ ಪಾಠವೇ ಬೇರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನೀರು ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನುಗ್ಗಿತ್ತು. ಹೊಳೆಯ ದಂಡೆಯ ಬಯಲು ಎಷ್ಟೇ ಅನುಕೂಲವಾಗಿ ಕಂಡರೂ ಮಳೆಗಾಲಕ್ಕೆ ಅಲ್ಲಿ ಗಾಡಿ ಬಿಡಬಾರದು. ಎರೆಮಣ್ಣೂ ಬೇಡ. ಮಳೆ ಬಿದ್ದರೆ ಅದು ಉಬ್ಬಿ ಗಾಲಿ ಹೂಳುತ್ತದೆ, ಅಡಿಭಾಗಕ್ಕೆ ಸದಾ ತೇವ ಏರಿಸುತ್ತದೆ. ಫರಸಿ ಹಾಸಿದ ಅಂಗಳವೋ ಕಾಂಕ್ರೀಟ್ ನೆಲವೋ ಆದರೆ ಒಳ್ಳೆಯದು. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳು ಬಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ಗೇರಿಗೆ ಹಾಕಿ, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡುವ ಹಳೆಯ ಪದ್ಧತಿಯೇ ಸರಿಯಾದದ್ದು. ಟೈರಿಗೆ ಹೊದಿಕೆ ಹಾಕಿದರೆ ಬಿಸಿಲಿಗೆ ಪಕ್ಕೆ ಸೀಳುವುದು ತಗ್ಗುತ್ತದೆ.

ಕ್ಯಾರವಾನಿನ ಒಳಗಿನ ಮನೆಯ ಕೆಲಸ ಬೇಗ ಮುಗಿಯುತ್ತದೆ. ನೀರಿನ ಟ್ಯಾಂಕುಗಳನ್ನು ಬಸಿದು ನಲ್ಲಿಗಳನ್ನು ತೆರೆದಿಡುವುದು, ಗ್ಯಾಸ್ ಸಿಲಿಂಡರ್ ಇಳಿಸುವುದು, ಫ್ರಿಜ್ಜಿನ ಬಾಗಿಲು ಸಂದು ಬಿಟ್ಟು ಕಟ್ಟುವುದು. ಕಾಳು, ಬಿಸ್ಕತ್ತಿನ ಚೂರು ಉಳಿಯದಂತೆ ಗುಡಿಸುವುದು ಮುಖ್ಯ. ಅದರ ವಾಸನೆಗೆ ಬಂದ ಇಲಿ ವೈರುಗಳನ್ನೂ ಬಿಡುವುದಿಲ್ಲ.

ಮತ್ತೆ ಹೊರಡುವ ದಿನ ಕೀಲಿ ತಿರುಗಿಸುವ ಆತುರ ಬೇಡ. ಬಾನೆಟ್ಟಿನ ಕೆಳಗೆ, ಏರ್ ಫಿಲ್ಟರಿನ ಡಬ್ಬಿಯಲ್ಲಿ ಗೂಡು ಇದೆಯೇ ನೋಡಬೇಕು. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಮಿಸ್ತ್ರಿ ಬರುವವರೆಗೆ ಚಾಲೂ ಮಾಡಬಾರದು. ಎಲ್ಲ ಸರಿಯಿದ್ದರೆ ಫಿಲ್ಟರಿನ ನೀರು ಇಳಿಸಿ, ಡೀಸೆಲ್ ಕೊಳವೆಯಲ್ಲಿ ಗಾಳಿ ಹಿಡಿದಿದ್ದರೆ ಕೈಪಂಪಿನಿಂದ ತೆಗೆದು, ಟೈರಿನ ಗಾಳಿ ನೋಡಿ ಹೊರಡಬೇಕು. ಮೊದಲ ಒಂದೆರಡು ಕಿಲೋಮೀಟರ್ ನಿಧಾನವಾಗಿ, ಬ್ರೇಕನ್ನು ಹಗುರಾಗಿ ಒತ್ತುತ್ತ ಸಾಗಬೇಕು. ಓಡುವಾಗಿನ ಕುಲುಕಾಟಕ್ಕೆ ಟ್ಯಾಂಕಿನ ತಳದ ಕೆಸರು ಎದ್ದು ಫಿಲ್ಟರಿಗೆ ಬರುತ್ತದೆ. ಆದ್ದರಿಂದ ಊರಿಗೆ ಮರಳಿದ ಮೇಲೆ ಫಿಲ್ಟರಿನ ತಳದ ಆ ತಿರುಪನ್ನು ಇನ್ನೊಮ್ಮೆ ಸಡಿಲಿಸಿ ನೋಡಬೇಕು, ದೂರದ ಬಾಡಿಗೆ ಇದ್ದರೆ ಹೊಸ ಫಿಲ್ಟರೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೊರಡಬೇಕು.