ಪೀಸಿಗೆ ಹತ್ತು ರೂಪಾಯಿ

ಬೆಂಗಳೂರಿನ ಪೀಣ್ಯದಲ್ಲಿ ಐವತ್ತು ಹೊಲಿಗೆ ಯಂತ್ರಗಳ ಒಂದು ಗಾರ್ಮೆಂಟ್ಸ್ ಇದೆ ಎಂದುಕೊಳ್ಳಿ. ಮಕ್ಕಳ ಟೀ ಶರ್ಟ್ ಹೊಲಿದು ಲಂಡನ್ನಿನ ಕಂಪನಿಯೊಂದಕ್ಕೆ ಕಳಿಸುತ್ತದೆ. ಅಲ್ಲಿಂದ ಒಂದು ನಮೂನೆ ಬರುತ್ತದೆ: ನಿಮ್ಮಲ್ಲಾಗಲಿ, ನಿಮಗೆ ಸರಕು ಕೊಡುವವರಲ್ಲಾಗಲಿ ಜೀತದ ದುಡಿಮೆ ಇಲ್ಲವೆಂದು ಬರೆದುಕೊಡಿ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ ಪ್ರಕಾರ ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕೂ ಹೆಚ್ಚು ವಹಿವಾಟಿರುವ ಕಂಪನಿಗಳು ಈ ಬಗ್ಗೆ ಪ್ರತಿವರ್ಷ ಹೇಳಿಕೆ ಪ್ರಕಟಿಸಬೇಕು. ದೊಡ್ಡವರ ಆ ಹೊರೆ ಕಾಗದವಾಗಿ ಇಳಿದು ಚಿಕ್ಕವರ ಮೇಜಿಗೆ ಬರುತ್ತದೆ. ‘ಎಲ್ಲಕ್ಕೂ ಇಲ್ಲ ಅಂತ ಟಿಕ್ ಹಾಕಿ ಕಳಿಸಪ್ಪ’ ಎಂದು ಮಾಲೀಕರು ಮ್ಯಾನೇಜರಿಗೆ ಹೇಳುತ್ತಾರೆ.

ಅವರೇನು ಬೇಕೆಂದೇ ಸುಳ್ಳು ಹೇಳುತ್ತಿಲ್ಲ, ನೋಡಿಲ್ಲ, ಅಷ್ಟೆ. ಜೀತವೆಂದರೆ ಜಮೀನ್ದಾರರ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ ಆಳು, ಅದೆಲ್ಲ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೊಂದಿಗೆ ಮುಗಿಯಿತು ಎಂಬ ನಂಬಿಕೆ ಅವರದು. ಆದರೆ ಆ ಕಾಯ್ದೆಯ ವ್ಯಾಪ್ತಿ ದೊಡ್ಡದು. ಮುಂಗಡ ಪಡೆದದ್ದಕ್ಕಾಗಿ ಬೇರೆಡೆ ದುಡಿಯುವ, ಓಡಾಡುವ ಅಥವಾ ಕನಿಷ್ಠ ಕೂಲಿ ಪಡೆಯುವ ಸ್ವಾತಂತ್ರ್ಯ ಕಳೆದುಕೊಂಡವರೆಲ್ಲ ಅದರೊಳಗೆ ಬರುತ್ತಾರೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಇನ್ನೂ ಮುಂದೆ ಹೋಯಿತು. ಬಡತನವೂ ಬಲವಂತವೇ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು.

ಹಾಗಾದರೆ ಹುಡುಕಾಟವನ್ನು ಲೆಕ್ಕದ ಪುಸ್ತಕದಿಂದಲೇ ಶುರುಮಾಡಬೇಕು. ಆರ್ಡರ್ ಹೆಚ್ಚಾದಾಗ ನಮ್ಮ ಮಾಲೀಕರು ಒಂದಷ್ಟು ಹೊಲಿಗೆಯನ್ನು ಹೊರಗೆ ಜಾಬ್ ವರ್ಕಿಗೆ ಕೊಡುತ್ತಾರೆ. ಒಂದು ಪೀಸಿಗೆ 12 ನಿಮಿಷ ಬೇಕು, ದರ ಹತ್ತು ರೂಪಾಯಿ ಎನ್ನಿ. ಎಂಟು ಗಂಟೆಯಲ್ಲಿ 40 ಪೀಸು, 400 ರೂಪಾಯಿ. ಅದೂ ಸೂಜಿ ಮುರಿಯದೆ, ಕರೆಂಟ್ ಹೋಗದೆ, ಯಾರೂ ನೀರು ಕುಡಿಯಲೂ ಏಳದಿದ್ದರೆ! ಆ 400ರಲ್ಲೇ ಶೆಡ್ಡಿನ ಬಾಡಿಗೆ, ದಾರ, ಸಾಗಾಟ, ಜಾಬ್ ವರ್ಕಿನವನ ಲಾಭ. ಉಳಿದದ್ದು ಟೈಲರಿಗೆ. ಅದು ಕನಿಷ್ಠ ಕೂಲಿಯನ್ನು ಮುಟ್ಟುವುದಿಲ್ಲ ಎಂದು ತಿಳಿಯಲು ಯಾವ ತಪಾಸಕರೂ ಬೇಕಿಲ್ಲ. ಇಷ್ಟು ಕಡಿಮೆಗೆ ಒಪ್ಪಿಕೊಂಡವನು ಊರು ಬಿಟ್ಟು ಬಂದವರನ್ನು, ಮುಂಗಡದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿಕೊಳ್ಳುತ್ತಾನೆ. ನನ್ನ ಮಟ್ಟಿಗೆ, ಚಿಕ್ಕ ಕಂಪನಿಗಳಲ್ಲಿ ಜೀತ ಒಳಗೆ ನುಸುಳುವ ಮುಖ್ಯ ದಾರಿ ಇದೇ. ಗೋಡೆಗೆ ನೀತಿಪತ್ರ ತೂಗುಹಾಕಿ, ದರವನ್ನು ಹತ್ತರಲ್ಲೇ ಇಟ್ಟರೆ ಪ್ರಯೋಜನವಿಲ್ಲ. ಲಂಡನ್ನಿನವರು ಕೊಡುವ ಬೆಲೆಯಲ್ಲಿ ಕನಿಷ್ಠ ಕೂಲಿ ಗಿಟ್ಟದಿದ್ದರೆ ಆ ಲೆಕ್ಕವನ್ನು ಅವರ ನಮೂನೆಯಲ್ಲೇ ಬರೆದು ಕಳಿಸಬಹುದು.

ಮುಂಗಡ ಕೊಡುವುದೇ ತಪ್ಪಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಕೇಳಿದವರಿಗೆ ಇಲ್ಲವೆಂದರೆ ಅವರು ಮೀಟರ್ ಬಡ್ಡಿಯವರ ಬಳಿ ಹೋಗುತ್ತಾರೆ. ಮುಖ್ಯ ಪ್ರಶ್ನೆ ಬೇರೆ: ಆ ಟೈಲರ್ ನಾಳೆ ಕೆಲಸ ಬಿಟ್ಟು ಊರಿಗೆ ಹೊರಟರೆ ಏನೇನು ಇಲ್ಲೇ ಉಳಿಯುತ್ತದೆ? ಎರಡು ತಿಂಗಳ ಸಂಬಳ, ಮೇಸ್ತ್ರಿಯ ಜೇಬಿನ ಎಟಿಎಂ ಕಾರ್ಡು, ಹಾಸ್ಟೆಲಿನವರು ಇಟ್ಟುಕೊಂಡ ಆಧಾರ್, ತೀರದ ಸಾಲ ಎಂದಾದರೆ ಅವರು ಹೊರಡಲಾರರು. 2019ರ ವೇತನ ಸಂಹಿತೆ ಪ್ರಕಾರ ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಟ್ಟುಬಿಡಬೇಕು. ಹೊರಟರೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಸೆಕ್ಯುರಿಟಿ, ಹೌಸ್‌ಕೀಪಿಂಗ್ ಏಜೆನ್ಸಿಗಳಲ್ಲೂ ಕೇಳಿ ನೋಡಬೇಕು. ಅವರ ಆಳುಗಳು ನಮ್ಮವರಲ್ಲ ಎಂಬ ಭಾವನೆ ಎಲ್ಲೆಡೆ ಇದೆ. ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗಿಯರನ್ನು ಮಾತಾಡಿಸುವಾಗ ಮೇಸ್ತ್ರಿಯಾಗಲಿ ವಾರ್ಡನ್ ಆಗಲಿ ಪಕ್ಕದಲ್ಲಿರಬಾರದು, ಮಾತು ಅವರ ಭಾಷೆಯಲ್ಲೇ ಆಗಬೇಕು. ಕನ್ನಡ, ಇಂಗ್ಲಿಷಿನ ದೂರು ಪೆಟ್ಟಿಗೆ ಅವರಿಗೆ ಬರೀ ಪೆಟ್ಟಿಗೆ.

ಇನ್ನು ನೂಲು. ಕೊಯಮತ್ತೂರು, ತಿರುಪ್ಪೂರು, ದಿಂಡಿಗಲ್ ಸುತ್ತಿನ ಹಲವು ಮಿಲ್ಲುಗಳಲ್ಲಿ ‘ಸುಮಂಗಲಿ’ ಎಂಬ ಯೋಜನೆಯಿತ್ತು. ಹದಿಹರೆಯದ ಹುಡುಗಿಯರು ಹಾಸ್ಟೆಲಿನಲ್ಲಿದ್ದು ಮೂರು ವರ್ಷ ದುಡಿದರೆ ಮದುವೆ ಖರ್ಚಿಗೆ ಇಡಿಗಂಟು. ನಡುವೆ ಬಿಟ್ಟರೆ ಆ ಗಂಟು ಹೋದಂತೆ. ಟೀಕೆ ಬಂದ ಮೇಲೆ ಹೆಸರು ಮರೆಯಾಯಿತು, ಆದರೆ ಕೂಲಿಯನ್ನು ತಡೆದಿಟ್ಟು ಕಟ್ಟಿಹಾಕುವ ಚಾಳಿ ಹೆಸರನ್ನು ನೆಚ್ಚಿಕೊಂಡಿಲ್ಲ. ಕೆಲವೇ ಟನ್ ಬಟ್ಟೆ ಕೊಳ್ಳುವ ಪೀಣ್ಯದ ಮಾಲೀಕರಿಗೆ ಮಿಲ್ಲಿನ ಗೇಟು ತೆರೆಯಲಿಕ್ಕಿಲ್ಲ. ಆದರೂ ಬಟ್ಟೆ ಕೊಡುವವನ ಬಳಿ ನೂಲಿನ ಬಿಲ್ಲು ಕೇಳಿ ಮಿಲ್ಲಿನ ಹೆಸರು ತಿಳಿಯಬಹುದು; ಅದೇ ಮಿಲ್ಲಿನ ನೂಲು ಬಳಸುವ ನಾಲ್ಕಾರು ಗಾರ್ಮೆಂಟ್ಸ್‌ನವರು ಜೊತೆಯಾಗಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ಅಲ್ಲಿಂದಾಚೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಲಿ. ಬ್ರಿಟನ್ನಿನ ಕಾಯ್ದೆಯೇ ‘ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ’ ಎಂಬ ಹೇಳಿಕೆಗೂ ಅವಕಾಶ ಕೊಟ್ಟಿದೆ!

ಜೀತ ಕಂಡೇಬಿಟ್ಟರೆ ಹೆಚ್ಚಿನವರು ತಕ್ಷಣ ಆರ್ಡರ್ ರದ್ದು ಮಾಡಿ ದೂರ ಸರಿಯುತ್ತಾರೆ. ಜಾಬ್ ವರ್ಕಿನವನು ರಾತ್ರೋರಾತ್ರಿ ಶೆಡ್ಡು ಖಾಲಿ ಮಾಡುತ್ತಾನೆ. ದುಡಿದವರ ಬಾಕಿ ಮುಳುಗುತ್ತದೆ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಮೊದಲು ದೂರು ಕೊಡಬೇಕು. ವಿಚಾರಣೆಯಲ್ಲಿ ಜೀತವೆಂದು ಕಂಡುಬಂದರೆ ಬಿಡುಗಡೆ ಪತ್ರ ಸಿಗುತ್ತದೆ. ಜೀತದ ಸಾಲವನ್ನಂತೂ 1976ರ ಕಾಯ್ದೆಯೇ ಅಳಿಸಿಹಾಕಿದೆ. ಕೇಂದ್ರದ 2016ರ ಯೋಜನೆಯಲ್ಲಿ ಒಂದರಿಂದ ಮೂರು ಲಕ್ಷ ರೂಪಾಯಿವರೆಗೆ ನೆರವಿದೆ, ಆದರೆ ಪೂರ್ತಿ ಹಣ ಕೈಸೇರುವುದು ತಡ. ಅಲ್ಲಿಯವರೆಗೆ ಅವರ ಒಲೆ ಉರಿಯಬೇಕು. ಜಾಬ್ ವರ್ಕಿನವನಿಗೆ ಕೊಡಬೇಕಿದ್ದ ಬಾಕಿ ಬಿಲ್ಲನ್ನು ತಡೆಹಿಡಿದು, ಅದರಿಂದ ಟೈಲರುಗಳ ಕೂಲಿಯನ್ನು ನೇರವಾಗಿ ಅವರ ಕೈಗೇ ಮುಟ್ಟಿಸಿದ ಮೇಲೆ ಆರ್ಡರ್ ನಿಲ್ಲಿಸುವ ಮಾತು.